ಕೇಲಾಂಗ್‌ನಲ್ಲಿ ಎರಡು ದಿನ ನಿಲ್ಲಬೇಕೇ?

ಪ್ರಶ್ನೆ: ಡಾಕ್ಟರೇ, ನಾನು ಶಿವಮೊಗ್ಗದವನು. ವಯಸ್ಸು 47, ಬ್ಯಾಂಕ್ ನೌಕರಿ. ಆರು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ. ಆಗುಂಬೆ ಘಾಟಿ, ಕೆಮ್ಮಣ್ಣುಗುಂಡಿ, ಮುಳ್ಳಯ್ಯನಗಿರಿ ಎಲ್ಲ ಹತ್ತಿದ್ದೇನೆ. ಈ ಆಗಸ್ಟ್ ಕೊನೆಗೆ ಇಬ್ಬರು ಗೆಳೆಯರ ಜೊತೆ ಚಂಡೀಗಢದಿಂದ ಲೇಹ್‌ಗೆ ಹೊರಟಿದ್ದೇವೆ. ಐದನೇ ದಿನಕ್ಕೆ ಮನಾಲಿ, ಅಲ್ಲಿಂದ ರೋಹ್ತಾಂಗ್ ಹತ್ತಿ ಇಳಿದು ಎಂಟನೇ ದಿನಕ್ಕೆ ಕೇಲಾಂಗ್. ಅಲ್ಲಿ ಎರಡು ದಿನ ವಿಶ್ರಾಂತಿ ಎಂದು ನಾನು ಪಟ್ಟಿಯಲ್ಲಿ ಬರೆದಿದ್ದಕ್ಕೆ ಗೆಳೆಯರ ತಕರಾರು. ಸುಮ್ಮನೆ ಕೂತರೆ ಕಾಲಲ್ಲಿ ಲ್ಯಾಕ್ಟಿಕ್ ಆಸಿಡ್ ಕಟ್ಟಿ ಹಿಡಿದುಕೊಳ್ಳುತ್ತದಂತೆ. ಹೋದ ವರ್ಷ ಊಟಿ ಪ್ರವಾಸದಲ್ಲಿ ಹಾಗೇ ಆಯಿತು. ಊಟಿಯಲ್ಲಿ ಒಂದು ದಿನ ನಿಂತು, ದೊಡ್ಡಬೆಟ್ಟಕ್ಕೆ ನಡೆದು ಹೋಗಿ ಬಂದು ಆರಾಮಾಗಿ ಇದ್ದೆವು. ಮರುದಿನ ತೊಡೆ ಕಲ್ಲಾಗಿತ್ತು, ಅದರ ಮರುದಿನ ಇನ್ನೂ ಕೆಟ್ಟದಾಗಿತ್ತು. ಹಾಗಾದರೆ ಕೇಲಾಂಗ್‌ನ ಎರಡು ದಿನ ದಂಡವೇ? ಅದರ ಬದಲು ಒಂದು ದಿನ ಟ್ಯಾಕ್ಸಿಯಲ್ಲಿ ಮುಂದಿನ ದೊಡ್ಡ ಪಾಸ್ ಆದ ಬಾರಾಲಾಚಾ ತನಕ ಹೋಗಿ ಬಂದರೆ ಎತ್ತರಕ್ಕೆ ಮೈ ಒಗ್ಗುತ್ತದೆಯೇ? ಕರ್ಪೂರ ಮೂಸಿದರೆ, ಬೆಳ್ಳುಳ್ಳಿ ತಿಂದರೆ ಸಾಕು, ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆ ಕಿಡ್ನಿಗೆ ಕೆಟ್ಟದ್ದು ಎನ್ನುತ್ತಾರೆ, ನಿಜವೇ? ನನಗೆ ಬಿಪಿಗೆ ದಿನಾ ಒಂದು ಮಾತ್ರೆ ಇದೆ. ಮನೆಯವರಿಗೆ ತುಂಬಾ ಆತಂಕ.

ಉತ್ತರ: ಲೆಕ್ಕ ಹಾಕಿ ಸಿಕ್ಕಿದ ರಜೆಯಲ್ಲಿ ಎರಡು ದಿನ ಕೈತಪ್ಪಿ ಹೋಗುತ್ತವೆ ಎಂಬ ಚಿಂತೆ ನಿಮ್ಮದು. ಮೊದಲೇ ಹೇಳಿಬಿಡುತ್ತೇನೆ: ಆ ಎರಡು ದಿನವನ್ನು ಬಿಡಬೇಡಿ. ಆದರೆ ನೀವೂ ನಿಮ್ಮ ಗೆಳೆಯರೂ ಅವನ್ನು ಕಾಲಿನ ಲೆಕ್ಕದಲ್ಲಿ ನೋಡುತ್ತಿದ್ದೀರಿ. ಈ ದಾರಿಯಲ್ಲಿ ಕಾಲು ಎರಡನೆಯ ಮಾತು.

ಆದರೂ ಕಾಲಿನ ವಿಷಯ ಮುಗಿಸಿಯೇ ಮುಂದೆ ಹೋಗೋಣ, ಜಗಳ ಶುರುವಾಗಿದ್ದೇ ಅಲ್ಲಿಂದ. ಲ್ಯಾಕ್ಟಿಕ್ ಆಸಿಡ್ ಕಾಲಲ್ಲಿ ಕಟ್ಟಿಕೊಂಡು ಕೂರುವುದಿಲ್ಲ. ಏರು ಹತ್ತುವಾಗ ಹುಟ್ಟುವ ಲ್ಯಾಕ್ಟೇಟ್ ಸೈಕಲ್ ನಿಲ್ಲಿಸಿದ ಒಂದು ಗಂಟೆಯ ಆಸುಪಾಸಿನಲ್ಲಿ ರಕ್ತದಿಂದ ಇಳಿದುಹೋಗುತ್ತದೆ. ಹೃದಯ, ಲಿವರ್, ಸ್ನಾಯುಗಳೇ ಅದನ್ನು ಉರುವಲಾಗಿ ಬಳಸಿಕೊಳ್ಳುತ್ತವೆ. ಮರುದಿನದ ನೋವಿಗೂ ಅದಕ್ಕೂ ಸಂಬಂಧವಿಲ್ಲ. ಹಾಗಾದರೆ ಊಟಿಯಲ್ಲಿ ಆಗಿದ್ದೇನು? ಉತ್ತರ ನಿಮ್ಮ ಪತ್ರದಲ್ಲೇ ಇದೆ. ದೊಡ್ಡಬೆಟ್ಟಕ್ಕೆ ನಡೆದು ಹೋಗಿ ಬಂದೆವು ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ದೊಡ್ಡಬೆಟ್ಟದ ತುದಿ 2,637 ಮೀಟರ್, ಊಟಿ ಸುಮಾರು 2,240. ಅಂದರೆ ವಿಶ್ರಾಂತಿಯ ದಿನ ನೀವು ನಾನೂರು ಮೀಟರ್ ಇಳಿಜಾರು ನಡೆದಿದ್ದೀರಿ. ಪೆಡಲ್ ತುಳಿಯುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಜಾರು ನಡೆಯುವಾಗ ಅದೇ ಸ್ನಾಯು ಮೈಭಾರ ತಡೆಯುತ್ತಾ, ಹಿಗ್ಗುತ್ತಾ ದುಡಿಯಬೇಕು. ಈ ಎರಡನೆಯ ದುಡಿಮೆ ಸೈಕಲ್ ತುಳಿಯುವವರಿಗೆ ಅಭ್ಯಾಸವಿರುವುದಿಲ್ಲ. ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿದು ಒಂದೆರಡು ದಿನ ಕಳೆದ ಮೇಲೆ ನೋವು ಏರುತ್ತದೆ. ಮರುದಿನಕ್ಕಿಂತ ಅದರ ಮರುದಿನ ಹೆಚ್ಚಾಯಿತು ಎಂದಿರಲ್ಲ, ಇದರ ಗುರುತೇ ಅದು. ಸೈಕಲ್ಲಿನ ಮೇಲೆ ನೂರಾರು ಕಿಲೋಮೀಟರ್ ಹೋಗುವವರನ್ನು ಒಂದು ಗುಡ್ಡದ ಮೆಟ್ಟಿಲು ಮಲಗಿಸಿದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಕೇಲಾಂಗ್‌ನಲ್ಲಿ ಕೋಣೆಯ ಕಿಟಕಿ ತೆಗೆದರೆ ಭಾಗಾ ನದಿಯ ಆಚೆ ದಡದ ಎತ್ತರದಲ್ಲಿ ಕಾರ್ದಂಗ್ ಗೊಂಪಾ, ಅಂದರೆ ಬೌದ್ಧ ಮಠ, ಕಾಣುತ್ತದೆ. ಊರಿನ ತಲೆಯ ಮೇಲೆ ಶಾಶುರ್ ಗೊಂಪಾ. ಎರಡೂ ನೋಡಲೇಬೇಕಾದವು. ಆದರೆ ನದಿಗೆ ಇಳಿದು, ಕಾರ್ದಂಗ್‌ಗೆ ಹತ್ತಿ, ಮತ್ತೆ ಇಳಿದು ಬರುವ ಉತ್ಸಾಹ ತೋರಿದರೆ ಊಟಿಯ ಕಥೆಯೇ ಮತ್ತೆ, ಅದೂ ಬಾರಾಲಾಚಾ ಏರಿನ ಮುಂಚೆ. ಗಾಡಿ ಮಾಡಿಕೊಂಡು ಹೋಗಿ ಬನ್ನಿ.

ಏನೂ ಮಾಡದೆ ಕೂತ ಮರುದಿನವೂ ಕಾಲು ಸ್ವಲ್ಪ ಭಾರ ಅನ್ನಿಸುವುದು ಸುಳ್ಳಲ್ಲ. ಖಾಲಿಯಾಗಿದ್ದ ಸ್ನಾಯುವಿಗೆ ಗ್ಲೈಕೊಜೆನ್, ಅಂದರೆ ಕೂಡಿಟ್ಟ ಸಕ್ಕರೆ, ತುಂಬುವಾಗ ಅದರ ಜೊತೆ ನೀರೂ ಒಳಗೆ ಬರುತ್ತದೆ. ಅದು ತುಂಬಿದ ಗುಡಾಣದ ಭಾರ, ಕೇಡಲ್ಲ. ಇಪ್ಪತ್ತು ನಿಮಿಷ ಹಗುರ ಗೇರಿನಲ್ಲಿ ತುಳಿದರೆ ಹೋಗುತ್ತದೆ. ಟೂರ್ ದ ಫ್ರಾನ್ಸ್ ಸವಾರರು ಮೂರು ವಾರದಲ್ಲಿ ಸಿಗುವ ಎರಡು ವಿಶ್ರಾಂತಿ ದಿನಗಳಲ್ಲೂ ಒಂದೆರಡು ಗಂಟೆ ನಿಧಾನವಾಗಿ ಸೈಕಲ್ ಬಿಡುತ್ತಾರೆ. ನಿಮ್ಮ ಗೆಳೆಯರ ಮಾತಿನಲ್ಲಿ ಉಳಿಯುವ ಸತ್ಯ ಇಷ್ಟೇ. ಲಗೇಜು ಕೋಣೆಯಲ್ಲಿಟ್ಟು ಅರ್ಧ ಗಂಟೆ ರಸ್ತೆಯಲ್ಲಿ ಸುತ್ತಿ ಬನ್ನಿ, ಸಾಕು.

ಈಗ ಉಸಿರಿನ ವಿಷಯ.

ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ನೀವು ಏರು ಶುರು ಮಾಡುವ ಮನಾಲಿಯೇ ಅದಕ್ಕಿಂತ ಮೇಲಿದೆ. ಆದ್ದರಿಂದ ಕರ್ನಾಟಕದಲ್ಲಿ ಎಷ್ಟು ಘಾಟಿ ಹತ್ತಿದರೂ ಕಾಲಿಗೆ ಬಲ ಬರುತ್ತದೆ, ಎತ್ತರಕ್ಕೆ ಮೈ ಒಗ್ಗುವುದಿಲ್ಲ. ಅವೆರಡೂ ಬೇರೆ ಬೇರೆ. ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎನ್ನುತ್ತಾರೆ. ಹಾಗಲ್ಲ, ಅದು ಎಲ್ಲ ಕಡೆಯೂ ನೂರಕ್ಕೆ 21. ಇಳಿಯುವುದು ಗಾಳಿಯ ಒತ್ತಡ. ಕೇಲಾಂಗ್‌ನ 3,080 ಮೀಟರಿನಲ್ಲಿ ಒತ್ತಡ ಸಮುದ್ರ ಮಟ್ಟದ ನೂರಕ್ಕೆ ಎಪ್ಪತ್ತರಷ್ಟು, ಲೇಹ್ ದಾರಿಯ 5,328 ಮೀಟರಿನ ತಂಗ್ಲಾಂಗ್ ಲಾದಲ್ಲಿ (ಲಾ ಎಂದರೆ ಪಾಸ್) ಅರ್ಧಕ್ಕಿಂತ ತುಸು ಹೆಚ್ಚು. ಒಂದೊಂದು ಉಸಿರಿನಲ್ಲೂ ಆಮ್ಲಜನಕ ಅಷ್ಟು ಕಡಿಮೆ ಬರುತ್ತದೆ.

ಮೈ ಇದಕ್ಕೆ ಮೊದಲು ಮಾಡುವ ಉಪಾಯ ಹೆಚ್ಚು ಉಸಿರಾಡುವುದು. ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರವಾಗುತ್ತದೆ. ಕ್ಷಾರವಾದ ಕೂಡಲೇ ಮಿದುಳು 'ಉಸಿರು ಸಾಕು' ಎಂದು ತಡೆಯುತ್ತದೆ. ಒಂದು ಕಡೆ ಆಕ್ಸಿಲರೇಟರ್, ಇನ್ನೊಂದು ಕಡೆ ಬ್ರೇಕ್. ರಾತ್ರಿ ನಿದ್ದೆಯಲ್ಲಿ ಕೆಲವು ಕ್ಷಣ ಉಸಿರು ನಿಂತು, ಮತ್ತೆ ಜೋರಾಗಿ ಎಳೆದುಕೊಂಡು ಎಚ್ಚರವಾಗುವುದು ಇದರಿಂದಲೇ. ಗಾಬರಿ ಬೇಡ, ಹೊಸಬರಲ್ಲಿ ಬಹಳ ಜನಕ್ಕೆ ಆಗುತ್ತದೆ. ಆ ಬ್ರೇಕನ್ನು ಸಡಿಲಿಸುವುದು ಮೂತ್ರಪಿಂಡ. ಅದು ಕ್ಷಾರದ ಅಂಶವಾದ ಹೆಚ್ಚಿನ ಬೈಕಾರ್ಬೊನೇಟನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಎತ್ತರಕ್ಕೆ ಹೋದವರು ಪದೇ ಪದೇ ಮೂತ್ರಕ್ಕೆ ಏಳುವುದು ಒಳ್ಳೆಯ ಲಕ್ಷಣ ಎನ್ನುವುದು ಅದಕ್ಕೇ. ಆದರೆ ಈ ಕೆಲಸಕ್ಕೆ ದಿನಗಳು ಬೇಕು. ಹೊಸ ಕೆಂಪು ರಕ್ತಕಣ ಹುಟ್ಟಿ ನೆರವಾಗಲು ವಾರಗಳೇ ಬೇಕು, ಅಷ್ಟರಲ್ಲಿ ನೀವು ಲೇಹ್ ಮುಟ್ಟಿ ಊರಿಗೆ ಬಂದಿರುತ್ತೀರಿ. ಹಾಗಾಗಿ ಈ ಪ್ರವಾಸದಲ್ಲಿ ನಿಮ್ಮನ್ನು ಕಾಯುವುದು ಮೂತ್ರಪಿಂಡ ಮತ್ತು ಉಸಿರಿನ ಈ ಹೊಂದಾಣಿಕೆ. ಕೇಲಾಂಗ್‌ನಲ್ಲಿ ಹೊದ್ದು ಮಲಗಿರುವಾಗಲೂ ಅದು ನಡೆಯುತ್ತಿರುತ್ತದೆ.

ಆದರೆ ಕೇಲಾಂಗ್‌ನಲ್ಲೇ ಏಕೆ ಎಂಬುದಕ್ಕೆ ಉತ್ತರ ದಾರಿಯಲ್ಲಿದೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಎಂಬುದು ಪರ್ವತ ವೈದ್ಯಕೀಯದಲ್ಲಿ ಎಲ್ಲರೂ ಒಪ್ಪಿದ ಸೂತ್ರ. ಹಗಲು ಎಷ್ಟು ಹತ್ತಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದೇ ಮುಖ್ಯ. ನಿಮ್ಮ ದಾರಿ ನೋಡಿ: ಕೇಲಾಂಗ್ 3,080, ಜಿಸ್ಪಾ ಸುಮಾರು 3,200, ದಾರ್ಚಾ 3,360. ಆಮೇಲೆ ಜಿಂಗ್‌ಜಿಂಗ್‌ಬಾರ್ ಸುಮಾರು 4,270. ಒಂದೇ ರಾತ್ರಿಗೆ 900 ಮೀಟರ್ ಜಿಗಿತ. ಮುಂದೆ 4,890ರ ಬಾರಾಲಾಚಾ ದಾಟಿ ಸರ್ಚು 4,290, ಗಾಟಾ ಲೂಪ್ಸ್‌ನ 21 ತಿರುವು ಹತ್ತಿ 5,060ರ ಲಾಚುಂಗ್ ಲಾ ದಾಟಿದರೆ ಪಾಂಗ್ 4,600. ಸೂತ್ರ ಪಾಲಿಸೋಣವೆಂದರೂ ಈ ನೆಲ ಬಿಡುವುದಿಲ್ಲ. ಆ ಜಿಗಿತಕ್ಕೆ ಮುಂಚೆಯೇ ಮೈಯನ್ನು ಸಿದ್ಧ ಮಾಡಿಕೊಳ್ಳಬೇಕು.

ಇನ್ನೊಂದು ವಿಷಯ ಭೂಪಟದಲ್ಲಿ ತಟ್ಟನೆ ಕಾಣುವುದಿಲ್ಲ. ಎತ್ತರದ ಕಾಯಿಲೆಗೆ ನಂಬಬಹುದಾದ ಮದ್ದು ಕೆಳಗೆ ಇಳಿಯುವುದು. ಸರ್ಚುವಿನಲ್ಲಿ ಇಳಿಯಲು ದಾರಿಯೇ ಇಲ್ಲ. ಹಿಂದಕ್ಕೆ ಹೋದರೆ ಬಾರಾಲಾಚಾ ಹತ್ತಬೇಕು, ಮುಂದಕ್ಕೆ ಹೋದರೆ ಲಾಚುಂಗ್ ಲಾ. ಕೆಲವು ವರ್ಷಗಳ ಹಿಂದೆ ನಾನು ವೈದ್ಯನಾಗಿ ಒಂದು ಸೈಕಲ್ ತಂಡದ ಜೊತೆಗಿದ್ದೆ. ತಂಡದಲ್ಲೇ ಗಟ್ಟಿ ಸವಾರನಾಗಿದ್ದ ಮೂವತ್ತರ ಹುಡುಗ ಕೇಲಾಂಗ್‌ನಲ್ಲಿ ಒಂದೇ ರಾತ್ರಿ ಮಲಗಿ ಮುಂದೆ ಹೊರಟ. ಸರ್ಚುವಿನ ಡೇರೆಯಲ್ಲಿ ರಾತ್ರಿ ಅವನಿಗೆ ಕೂತಲ್ಲೇ ಏದುಸಿರು, ಕೆಮ್ಮು. ಅವನನ್ನು ಕೆಳಗಿಳಿಸಲು ಮೊದಲು ಆರುನೂರು ಮೀಟರ್ ಮೇಲಕ್ಕೆ ಒಯ್ಯಬೇಕಾಯಿತು, ಕತ್ತಲಲ್ಲಿ, ಜೀಪಿನಲ್ಲಿ. ಹುಡುಗ ಉಳಿದ. ಆ ಏರಿನುದ್ದಕ್ಕೂ ಅವನ ಉಸಿರನ್ನು ಎಣಿಸುತ್ತಾ ಕೂತಿದ್ದನ್ನು ನಾನು ಮರೆತಿಲ್ಲ. ಗಟ್ಟಿಗರಿಗೆ ಎತ್ತರ ತಾಗುವುದಿಲ್ಲ ಎಂಬ ನಂಬಿಕೆ ಪೂರ್ತಿ ತಪ್ಪು. ಗಟ್ಟಿಗರು ಬೇಗ ಮೇಲೆ ತಲುಪುತ್ತಾರೆ, ಮೈಯನ್ನು ಹೆಚ್ಚು ದಂಡಿಸುತ್ತಾರೆ, ಅದರಿಂದ ಅಪಾಯ ಹೆಚ್ಚುತ್ತದೆ. ಕೇಲಾಂಗ್‌ನಲ್ಲಾದರೆ ಜಿಲ್ಲಾ ಕೇಂದ್ರದ ಆಸ್ಪತ್ರೆ ಇದೆ, ಬಸ್ಸಿದೆ, ಅಟಲ್ ಸುರಂಗ ಆದಾಗಿನಿಂದ ಮನಾಲಿಗೆ ಇಳಿಯುವುದೂ ಸುಲಭ.

ನಿಮ್ಮ ಎರಡು ದಿನವನ್ನು ಹೇಗೆ ಹಂಚಬಹುದು? ಎರಡನ್ನೂ ಕೇಲಾಂಗ್‌ನಲ್ಲೇ ಕಳೆಯಬಹುದು. ಅನುಕೂಲ ಹೆಚ್ಚು, ಆದರೆ 3,080ರಿಂದ ನೇರ 4,270ಕ್ಕೆ ಹೋದರೆ ಜಿಗಿತ ದೊಡ್ಡದು. ನನ್ನ ಆಯ್ಕೆ ಬೇರೆ: ಒಂದು ದಿನ ಕೇಲಾಂಗ್‌ನಲ್ಲಿ ಪೂರ್ತಿ ನಿಂತು, ಇನ್ನೊಂದು ದಿನವನ್ನು ದಾರ್ಚಾಕ್ಕೆ ಕೊಡಿ. ಕೇಲಾಂಗ್‌ನಿಂದ ದಾರ್ಚಾ ಸುಮಾರು ಮೂವತ್ತು ಕಿಲೋಮೀಟರ್, ಅರ್ಧ ದಿನದ ಸವಾರಿ. ಅಲ್ಲಿ ಎರಡು ರಾತ್ರಿ ಮಲಗಿ. ನಡುವಿನ ದಿನ ಲಗೇಜಿಲ್ಲದೆ ಪಟ್ಸೇವೊ ದಿಕ್ಕಿಗೆ ಮಾತಾಡುತ್ತಾ ಹತ್ತಬಹುದಾದಷ್ಟು ದೂರ ಹೋಗಿ ಇಳಿದು ಬನ್ನಿ. ಮಾತು ತುಂಡಾಗುವಷ್ಟು ಉಸಿರು ಬಂದರೆ ತಿರುಗಿ. ದಾರ್ಚಾದಲ್ಲಿ ಸೌಕರ್ಯ ಕಡಿಮೆ, ಚಳಿ ಹೆಚ್ಚು. ಸ್ವಂತ ಡೇರೆ ಇದ್ದರೆ ಪಟ್ಸೇವೊ ಹತ್ತಿರ ಸುಮಾರು 3,800ರಲ್ಲಿ ಒಂದು ರಾತ್ರಿ ಕಳೆದು ಆ ಜಿಗಿತವನ್ನು ಎರಡು ಮಾಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಟ್ಯಾಕ್ಸಿಯಲ್ಲಿ ಬಾರಾಲಾಚಾಕ್ಕೆ ಹೋಗಿ ಬರುವ ಯೋಚನೆ 'ಎತ್ತರ ಹತ್ತು, ತಗ್ಗಿನಲ್ಲಿ ಮಲಗು' ಎಂಬ ಮಾತಿನಿಂದ ಬಂದದ್ದು. ಮಾತು ಸರಿ, ಆದರೆ ಒಂದೆರಡು ಗಂಟೆ ಮೇಲಿದ್ದು ಬಂದರೆ ಸಿಗುವ ಲಾಭ ಅಲ್ಪ. ಒಂದೇ ಸಲಕ್ಕೆ 1,800 ಮೀಟರ್ ಏರಿಸಿದರೆ ತಲೆನೋವು ಹತ್ತಿಸಿಕೊಂಡು ಬರುವ ಸಾಧ್ಯತೆ ಇದೆ, ದಿನವಿಡೀ ಗಾಡಿಯ ಕುಲುಕಾಟ ಬೇರೆ. ಆ ದುಡ್ಡಿನಲ್ಲಿ ದಾರ್ಚಾದಲ್ಲಿ ಒಂದು ರಾತ್ರಿ ಹೆಚ್ಚು ನಿಲ್ಲಿ. ನಿಲ್ಲದೇ ಹೋಗುವುದೂ ಒಂದು ಆಯ್ಕೆಯೇ, ಹಾಗೆ ಹೋಗಿ ಏನೂ ಆಗದೆ ಲೇಹ್ ಮುಟ್ಟಿದವರು ಇದ್ದಾರೆ. ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ನಾನು ಶಿವಮೊಗ್ಗದಲ್ಲೇ ಪರೀಕ್ಷೆ ಮಾಡಿ ಹೇಳಲಾರೆ.

ವಿಶ್ರಾಂತಿಯ ದಿನ ಮಾಡಬೇಕಾದ ದೊಡ್ಡ ಕೆಲಸ ಊಟ. ಇವತ್ತು ತುಳಿದಿಲ್ಲ ಎಂದು ಕಡಿಮೆ ತಿನ್ನುವುದನ್ನು ನೋಡಿದ್ದೇನೆ. ಅದು ತಪ್ಪು. ಎಂಟು ದಿನದ ಸಾಲ ತೀರುವುದು ಆ ದಿನವೇ. ಎತ್ತರದಲ್ಲಿ ಹಸಿವು ತಾನಾಗಿ ಕುಗ್ಗುತ್ತದೆ, ಹಸಿವಾಗಲಿ ಎಂದು ಕಾಯಬೇಡಿ. ರಾಜ್ಮಾ ಅನ್ನ, ಆಲೂ ಪರೋಟ, ಥುಕ್ಪಾ ಸಿಗುತ್ತವೆ. ನಮ್ಮವರ ನಾಲಿಗೆಗೆ ನಾಲ್ಕನೇ ದಿನಕ್ಕೆ ಅದು ಸಾಕೆನಿಸುತ್ತದೆ. ಒಂದು ಪೊಟ್ಟಣ ಚಟ್ನಿಪುಡಿ, ಸ್ವಲ್ಪ ಅವಲಕ್ಕಿ ಜೊತೆಗಿರಲಿ. ನೀವೇ ಅನ್ನ ಮಾಡುವುದಾದರೆ ಅಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅಕ್ಕಿ ಸರಿಯಾಗಿ ಬೇಯುವುದಿಲ್ಲ. ಅವಲಕ್ಕಿಗೆ ಆ ತಾಪತ್ರಯವಿಲ್ಲ. ಸಂಜೆ ಯಾರಾದರೂ ಪ್ರೀತಿಯಿಂದ ಛಾಂಗ್ ಕೊಟ್ಟರೆ ಕೈಮುಗಿದು ಬೇಡವೆನ್ನಿ. ಮದ್ಯವಾಗಲಿ, ನಿದ್ದೆ ಮಾತ್ರೆಯಾಗಲಿ ರಾತ್ರಿಯ ಉಸಿರನ್ನು ಇನ್ನೂ ತಗ್ಗಿಸುತ್ತವೆ.

ಆಮೇಲೆ ಚರ್ಮ. ಸೀಟಿಗೆ ಉಜ್ಜಿ ತೊಡೆಸಂದಿನಲ್ಲಿ ಕೆಂಪಾಗಿದ್ದರೆ ಅದು ಕುರುವಾಗದಂತೆ ತಡೆಯಲು ಒಂದು ದಿನ ಸಾಕು. ತೊಳೆದು, ಒರೆಸಿ, ಸಡಿಲ ಪಂಚೆ ಉಟ್ಟುಕೊಂಡಿರಿ. ಪ್ಯಾಡ್ ಚಡ್ಡಿಗಳನ್ನು ಸೋಪಿನಲ್ಲಿ ಒಗೆದು ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದಿದ್ದರೆ ಹ್ಯಾಂಡಲ್ ಒತ್ತಿ ಅಂಗೈಯ ನರಕ್ಕೆ ಪೆಟ್ಟಾಗಿದೆ ಎಂದರ್ಥ. ಹ್ಯಾಂಡಲ್ ಸ್ವಲ್ಪ ಎತ್ತರಿಸಿ, ದಪ್ಪ ಕೈಗವಸು ಹಾಕಿ. ಬೆರಳಲ್ಲಿ ಶಕ್ತಿಯೇ ಇಲ್ಲದಿದ್ದರೆ ಆ ಕೈಯಲ್ಲಿ ಬ್ರೇಕ್ ಹಿಡಿದು ಬಾರಾಲಾಚಾ ಇಳಿಯಬೇಡಿ. ರೋಹ್ತಾಂಗ್ ಇಳಿದ ಬ್ರೇಕ್ ಪ್ಯಾಡುಗಳನ್ನು ನೋಡದೆ ಮುಂದೆ ಹೋಗಬೇಡಿ.

ಕರ್ಪೂರ ಮೂಸಿದರೆ ಮೂಗು ತಣ್ಣಗಾಗಿ ಉಸಿರು ಸಲೀಸಾದಂತೆ ತೋರುತ್ತದೆ, ರಕ್ತಕ್ಕೆ ಒಂದು ಕಣ ಆಮ್ಲಜನಕವೂ ಹೆಚ್ಚಾಗಿ ಹೋಗುವುದಿಲ್ಲ. ಅದು ಹೊಟ್ಟೆಗೆ ಹೋದರೆ ವಿಷ. ಬೆಳ್ಳುಳ್ಳಿ ಸಾರು ಕುಡಿಯಿರಿ, ರುಚಿಗೆ. ತಡೆಯುವ ಮದ್ದೆಂದು ನಂಬಬೇಡಿ. ದಿನಕ್ಕೆ ಐದಾರು ಲೀಟರ್ ನೀರು ಕುಡಿಯಬೇಕು ಎಂಬುದೂ ಅತಿ. ಬಾಯಾರಿಕೆಗೆ ತಕ್ಕಷ್ಟು, ಮೂತ್ರ ತಿಳಿ ಹಳದಿ ಇರುವಷ್ಟು ಸಾಕು. ಅತಿಯಾದರೆ ರಕ್ತದ ಸೋಡಿಯಂ ಇಳಿದು ಅದೂ ತಲೆನೋವು ತರುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಯ್ಯುವುದಾದರೆ ಒಯ್ಯಿರಿ. ಕೈ ಬೆಚ್ಚಗೆ ಮಾಡಿಕೊಂಡು, ಬೆಳಿಗ್ಗೆ ಎದ್ದು ಕೂತು ನೋಡಿ. ತಣ್ಣನೆಯ ಬೆರಳಿನಲ್ಲಿ ಅದು ಸುಳ್ಳು ಹೇಳುತ್ತದೆ. ಅಲ್ಲಿ ತೊಂಬತ್ತರ ಆಸುಪಾಸು ಕಂಡರೆ ಹೆದರಬೇಕಿಲ್ಲ. ಅಂಕಿ ಚೆನ್ನಾಗಿದ್ದೂ ತಲೆನೋವು ವಾಂತಿ ಇದ್ದರೆ ತಲೆನೋವನ್ನು ನಂಬಿ, ಅಂಕಿಯನ್ನಲ್ಲ.

ಡಯಾಮಾಕ್ಸ್, ಅಂದರೆ ಅಸೆಟಜೋಲಮೈಡ್, ಮೇಲೆ ಹೇಳಿದ ಮೂತ್ರಪಿಂಡದ ಕೆಲಸವನ್ನೇ ಬೇಗ ಮಾಡಿಸುತ್ತದೆ. ಲಕ್ಷಣಗಳನ್ನು ಮುಚ್ಚಿಡುತ್ತದೆ ಎಂಬ ಮಾತು ಸರಿಯಲ್ಲ. ಆರೋಗ್ಯವಂತ ಮೂತ್ರಪಿಂಡಕ್ಕೆ ಕೆಲವು ದಿನದ ಸಣ್ಣ ಪ್ರಮಾಣದಿಂದ ಹಾನಿಯಾಗುತ್ತದೆ ಎಂಬ ಭಯವೂ ಬೇಡ. ಮೂತ್ರಪಿಂಡದ ಕಾಯಿಲೆ ಇರುವವರ ಮಾತು ಬೇರೆ. ದೊಡ್ಡವರಿಗೆ ಸಾಮಾನ್ಯ ಪ್ರಮಾಣ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಬೆರಳು, ತುಟಿ ಜುಮುಜುಮು ಎನ್ನುತ್ತವೆ, ಸೋಡಾ ಸಪ್ಪೆಯಾಗುತ್ತದೆ. ಸಲ್ಫಾ ಔಷಧಿ ಒಗ್ಗದವರು ವೈದ್ಯರಿಗೆ ಹೇಳದೆ ಮುಟ್ಟಕೂಡದು. ದಾರ್ಚಾದ ನಂತರದ ಜಿಗಿತ ನೋಡಿದರೆ ನಿಮ್ಮ ಮೂವರಿಗೂ ಇದನ್ನು ವಿಚಾರಿಸಿ ಎಂದೇ ನಾನು ಹೇಳುವುದು. ಆದರೆ ನಿಮ್ಮ ಬಿಪಿ ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ. ಮಾತ್ರೆ ಪಟ್ಟಿಯ ಹಿಂಬದಿಯಲ್ಲಿ ಎರಡನೇ ಹೆಸರಾಗಿ ಹೈಡ್ರೊಕ್ಲೋರೊಥಯಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಎಂದಿದೆಯೇ ನೋಡಿ. ಅವೂ ಮೂತ್ರ ಹೆಚ್ಚಿಸುವ ಔಷಧಿಗಳೇ. ಡಯಾಮಾಕ್ಸ್ ಜೊತೆ ಸೇರಿದರೆ ಮೈ ಒಣಗುತ್ತದೆ, ಪೊಟ್ಯಾಸಿಯಂ ಇಳಿಯಬಹುದು. ಕೆಲವು ಬಿಪಿ ಮಾತ್ರೆಗಳು ಹೃದಯದ ಬಡಿತವನ್ನೇ ಏರಗೊಡುವುದಿಲ್ಲ, ಏರಿನಲ್ಲಿ ಅದೂ ತೊಡಕು. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ, ಮೊದಲ ದಿನಗಳಲ್ಲಿ ಎತ್ತರವೇ ಬಿಪಿ ಏರಿಸುತ್ತದೆ. ಹೊರಡುವ ಒಂದು ತಿಂಗಳ ಮುಂಚೆ ನಿಮ್ಮ ವೈದ್ಯರನ್ನು ಕಂಡು, ಅವರು ಒಪ್ಪಿದರೆ ಮನೆಯಲ್ಲೇ ಎರಡು ದಿನ ತೆಗೆದುಕೊಂಡು ನೋಡಿ.

ದಾರ್ಚಾ ಬಿಡುವ ಬೆಳಿಗ್ಗೆ ಮೂವರೂ ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕು. ತಲೆನೋವಿನ ಜೊತೆ ವಾಕರಿಕೆ, ತಲೆ ತಿರುಗು, ವಿಪರೀತ ಸುಸ್ತು ಇವುಗಳಲ್ಲಿ ಒಂದಿದ್ದರೂ ಆ ದಿನ ಮೇಲೆ ಹೋಗುವುದಿಲ್ಲ. ಪೂರ್ತಿ ಹೋಗುವ ತನಕ ಅಲ್ಲೇ, ಹೆಚ್ಚಿದರೆ ಕೆಳಗೆ. ಒಂದು ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಹತ್ತು ಹೆಜ್ಜೆ ನೇರ ನಡೆಸಿ. ತೂರಾಡಿದರೆ, ಮಾತು ತಡವರಿಸಿದರೆ, ಕೂತಲ್ಲೇ ಏದುಸಿರು ಬಂದರೆ ಅದು ಮಿದುಳಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬುವ ಸೂಚನೆ. ಕೂಡಲೇ ಕೆಳಗೆ ಇಳಿಸಬೇಕು. ಬೆಳಗಾಗಲಿ ಎಂದು ಕಾಯಬಾರದು, ಒಬ್ಬರನ್ನೇ ಕಳಿಸಲೂಬಾರದು. ನೋವಿನ ಮಾತ್ರೆ ನುಂಗಿ ಏನೂ ಇಲ್ಲ ಎನ್ನುವ ಗೆಳೆಯ ಪ್ರತಿ ತಂಡದಲ್ಲೂ ಒಬ್ಬನಿರುತ್ತಾನೆ. ರೈಲು ಹತ್ತುವ ಮುಂಚೆಯೇ ಮೂವರೂ ಮಾತು ಕೊಟ್ಟುಕೊಳ್ಳಿ, ಒಬ್ಬರು ನಿಂತರೆ ಮೂವರೂ ನಿಲ್ಲುವುದು ಎಂದು.

ಮನೆಯವರಿಗೆ ಈ ಉತ್ತರ ಓದಿ ಹೇಳಿ. ದಾರ್ಚಾ ದಾಟಿದ ಮೇಲೆ ಫೋನ್ ಸಿಗುತ್ತದೆಂದು ನಂಬಿಕೊಳ್ಳಬೇಡಿ, ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದೂ ಇಲ್ಲ. ಕೇಲಾಂಗ್‌ನಿಂದ ಫೋನ್ ಮಾಡಿ, ಮುಂದಿನ ಕರೆ ಲೇಹ್‌ನಿಂದ ಯಾವ ದಿನ ಎಂದು ತಿಳಿಸಿ. ಆ ದಿನಾಂಕಕ್ಕೆ ಎರಡು ದಿನ ಸೇರಿಸಿಯೇ ಹೇಳಿ. ಆಗ ನಡುವೆ ಎಲ್ಲಾದರೂ ನಿಲ್ಲಬೇಕಾಗಿ ಬಂದರೂ ಅವರು ಗಾಬರಿಯಾಗುವುದಿಲ್ಲ, ಅವರು ಕಾಯುತ್ತಾರೆಂದು ನೀವು ಪಾಂಗ್‌ನಿಂದ ಅವಸರದಲ್ಲಿ ಹೊರಡುವುದೂ ಇಲ್ಲ.